ಎರಡು ಗೆರೆ, ಕೆಲವು ಚುಕ್ಕೆ

ಓದುಗರ ಪತ್ರ: ಬೆಳಿಗ್ಗೆ ಒಂದು ಗಂಟೆ ಪ್ರಾರ್ಥನೆ, ವರ್ಷದೊಳಗೆ ಇಡೀ ಬೈಬಲ್, ವಾರಕ್ಕೊಂದು ಉಪವಾಸ ಎಂದು ಮೂರು ಸಲ ಶುರುಮಾಡಿದೆ. ಮೂರು ಸಲವೂ ಎರಡನೇ ವಾರಕ್ಕೆ ನಿಂತುಹೋಯಿತು. ಲೋಕದ ತುಂಬ ಯುದ್ಧ, ಹಸಿವು. ನನ್ನ ಪುಟ್ಟ ಭಕ್ತಿಯಿಂದ ಯಾರಿಗೆ ಏನಾದೀತು?

ಸಂಪಾದಕರ ಉತ್ತರ: ಒಂದೇ ಸಲಕ್ಕೆ ಮೂರು ಹೊರೆ ಹೊತ್ತಿರಿ, ಕುಸಿದಿರಿ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲರ ‘ಆಧ್ಯಾತ್ಮಿಕ ಸಾಧನೆ’ ಎಂಬ ಕೈಪಿಡಿಗೆ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಸಿಕ್ಕಿತು. ಅದರಲ್ಲಿ ನಿಮ್ಮಂಥವರಿಗೆ ಹೇಳಿ ಮಾಡಿಸಿದಂಥ ಆತ್ಮಶೋಧನೆಯ ಕ್ರಮವೊಂದಿದೆ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಎದ್ದ ಕೂಡಲೇ ಇವತ್ತು ಅದರ ಮೇಲೆ ಕಣ್ಣಿಡುತ್ತೇನೆಂದು ನಿಶ್ಚಯಿಸಬೇಕು. ಹಗಲಲ್ಲಿ ತಪ್ಪಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡರೆ ಸಾಕು, ನೋಡಿದವರಿಗೆ ತಿಳಿಯದು. ಮಧ್ಯಾಹ್ನದ ಊಟವಾದ ಮೇಲೆ ಬೆಳಗಿನಿಂದ ಗಂಟೆಗಂಟೆಯನ್ನೂ ನೆನೆದು, ತಪ್ಪಿದಷ್ಟು ಚುಕ್ಕೆಗಳನ್ನು ಒಂದು ಗೆರೆಯ ಮೇಲೆ ಹಾಕಿ. ರಾತ್ರಿ ಊಟದ ನಂತರ ಎರಡನೇ ಗೆರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಳೆಯದನ್ನು ಇವತ್ತಿನದರೊಂದಿಗೆ, ಮುಂದಿನ ವಾರದ್ದನ್ನು ಈ ವಾರದ್ದರೊಂದಿಗೆ.

ಮೊದಲ ವಾರ ಚುಕ್ಕೆಗಳು ಹೆಚ್ಚುತ್ತಾ ಹೋಗಬಹುದು. ಗಾಬರಿ ಬೇಡ, ಅಷ್ಟು ದಿನ ಕಾಣದೆ ಇದ್ದದ್ದು ಈಗ ಕಾಣುತ್ತಿದೆ. ನಿಜವಾಗಿ ಕೆಡುವುದು ಬೇರೆ ಕಡೆ. ಹಾಸಿಗೆಗೆ ಹೋದಮೇಲೆ ಲೆಕ್ಕಕ್ಕೆ ಕೂತರೆ ನಿದ್ದೆ ಗೆಲ್ಲುತ್ತದೆ. ಇನ್ನು ಕೆಲವರು ನೇರ ತಪ್ಪಿನ ಪಟ್ಟಿಗೇ ಇಳಿದು ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಒಂದೇ ದೋಷಕ್ಕಲ್ಲದೆ ಇಡೀ ದಿನಕ್ಕೆಂದು ಇಗ್ನೇಷಿಯಸ್ ಹೇಳಿದ ಸಾಮಾನ್ಯ ಆತ್ಮಶೋಧನೆಯಲ್ಲಿ ಮೊದಲನೆಯದು ಕೃತಜ್ಞತೆ. ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆ, ನಾಳೆಯ ಸಂಕಲ್ಪ. ಮೊದಲನೆಯದನ್ನು ಹಾರಿಸಿದವರು ಬೇಗ ಬಿಟ್ಟುಬಿಡುತ್ತಾರೆಂಬುದು ನಮ್ಮ ಅಭಿಪ್ರಾಯ.

ಇನ್ನು ಲೋಕದ ಮಾತು. ಆರಿಸಿಕೊಳ್ಳುವ ದೋಷ ಇನ್ನೊಬ್ಬರಿಗೆ ತಾಗುವಂಥದ್ದಾಗಿರಲಿ. ‘ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುತ್ತದೆ’ ಎಂಬುದಕ್ಕಿಂತ ‘ಮಾತು ಮುಗಿಯುವ ಮೊದಲೇ ಗದರುತ್ತೇನೆ’ ಎಂಬುದು ಒಳ್ಳೆಯ ಆಯ್ಕೆ. ರಾತ್ರಿಯ ಚುಕ್ಕೆಗೆ ಒಬ್ಬರ ಮುಖ ನೆನಪಾದರೆ ಬೆಳಿಗ್ಗೆ ಅವರ ಬಳಿ ಹೋಗಿ. ಮತ್ತಾಯ 5:23-24ರಲ್ಲಿ ಯೇಸು ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎನ್ನುತ್ತಾನೆ. ಕ್ಷಮೆ ಕೇಳುವಾಗ ಮಾಡಿದ್ದನ್ನು ಹೆಸರಿಟ್ಟು ಹೇಳಿ, ‘ಆದರೆ’ ಎಂಬ ಪದ ಬಾಯಿಗೆ ಬಂದ ಕಡೆ ನಿಲ್ಲಿಸಿ.

ಯೇಸು ದೇವರ ರಾಜ್ಯವನ್ನು ಹುಳಿಹಿಟ್ಟಿಗೆ ಹೋಲಿಸಿದ ಸಾಮ್ಯದಲ್ಲಿ ಒಬ್ಬ ಹೆಂಗಸು ಹುಳಿ ಬೆರೆಸಿ ಕಲಸಿದ್ದು ಮೂರು ಅಳತೆ ಹಿಟ್ಟು, ಈಗಿನ ಲೆಕ್ಕಕ್ಕೆ ಹೆಚ್ಚುಕಡಿಮೆ 40 ಲೀಟರ್. ಒಂದು ಮನೆಯ ಊಟಕ್ಕೆ ಅಷ್ಟು ಯಾರೂ ಕಲಸುವುದಿಲ್ಲ. ಹುಳಿ ಎಷ್ಟೇ ಚಿಕ್ಕದಾದರೂ ಹಿಟ್ಟಿಗೆ ಬೆರೆತಿರಬೇಕು. ಪಾತ್ರೆಯಲ್ಲೇ ಉಳಿದರೆ ಅದು ಬರೀ ಹುಳಿ. ನಿಮ್ಮ ಗೆರೆಗಳು ಯುದ್ಧ ನಿಲ್ಲಿಸುತ್ತವೆಂದು ನಾವು ಹೇಳುವುದಿಲ್ಲ. ಅನ್ಯಾಯದ ವಿರುದ್ಧ ಮಾತಾಡಬೇಕಾದ ಕಡೆ ಅವು ನೆಪವೂ ಆಗಬಾರದು. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19:13 ಹೇಳುತ್ತದೆ. ಕೊಡಬೇಕಾದ ಹಣವನ್ನು ನೀವು ತಡೆಹಿಡಿದಿದ್ದರೆ ಈ ವಾರದ ದೋಷವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.