ಗೂಡಿನ ಎಷ್ಟು ಹತ್ರ ಹೋಗಿ ಫೋಟೋ ತೆಗೀಬಹುದು?

ಪಿಕಳಾರದ (ಬುಲ್‌ಬುಲ್ ಹಕ್ಕಿ) ಗೂಡು ಸಿಕ್ಕಿದೆ, ಮರಿಗಳಿವೆ, ಕೈಲಿರೋದು 250 ಎಂಎಂ ಲೆನ್ಸು, ಎಷ್ಟು ಹತ್ರ ಹೋಗ್ಬಹುದು, ಅಡ್ಡ ಬರೋ ಎಲೆ ಕೊಂಬೆ ಸ್ವಲ್ಪ ಸರಿಸಿದ್ರೆ ತೊಂದ್ರೆನಾ ಅಂತ ಕೇಳಿದೀರಿ. ಎರಡನೇದಕ್ಕೆ ಮೊದ್ಲು ಹೇಳ್ಬಿಡ್ತೀನಿ, ಒಂದು ಎಲೆನೂ ಮುಟ್ಬೇಡಿ. ನಿಮ್ಗೆ ಅಡ್ಡ ಬರೋ ಅದೇ ಎಲೆ ಕಾಗೆ ಕಣ್ಣಿಗೂ ಅಡ್ಡ, ಮಧ್ಯಾಹ್ನದ ಬಿಸಿಲಿಗೂ ಅಡ್ಡ. ಪುಕ್ಕ ಬರದ ಮರಿಗಳು ನೇರ ಬಿಸಿಲು ತಡ್ಕೊಳಲ್ಲ.

ಹತ್ರ ಅಂದ್ರೆ ಇಷ್ಟೇ ಅಡಿ ಅಂತ ಲೆಕ್ಕ ಇಲ್ಲ. ಜನ ಓಡಾಡೋ ಕಡೆ ಗೂಡು ಕಟ್ಟಿರೋ ಹಕ್ಕಿ ನಿಮ್ಮನ್ನ ಕ್ಯಾರೇ ಅನ್ನಲ್ಲ, ಅದೇ ಜಾತಿದು ಇನ್ನೊಂದು ಕಡೆ ನೀವು ದೂರದಲ್ಲಿ ಕಂಡ್ರೂ ಗೂಡು ಬಿಟ್ಟು ಏಳತ್ತೆ. ನಾನು ನೋಡೋದು ಅದರ ಕೊಕ್ಕನ್ನ. ಹುಳ ಕಚ್ಕೊಂಡು ಬಂದು ಸೀದಾ ಗೂಡಿಗೆ ಹೋದ್ರೆ ಸರಿ. ಹುಳ ಬಾಯಲ್ಲೇ ಇಟ್ಕೊಂಡು ಪಕ್ಕದ ಕೊಂಬೆಲಿ ಕೂತು, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಹಾರ್ತಾ ಒಂದೇ ಸಮ ಕೂಗ್ತಿದ್ರೆ ಅದು ಪೋಸ್ ಕೊಡ್ತಿಲ್ಲ ಸ್ವಾಮಿ, ಈ ಮನುಷ್ಯ ಯಾವಾಗ ತೊಲಗ್ತಾನೆ ಅಂತ ಕಾಯ್ತಿದೆ. ಆಗ ಹಿಂದೆ ಸರೀರಿ, ಆಮೇಲೂ ಗೂಡಿಗೆ ಹೋಗ್ಲಿಲ್ಲ ಅಂದ್ರೆ ಬ್ಯಾಗ್ ಎತ್ಕೊಂಡು ಹೊರಟ್ಬಿಡಿ.

ಇದನ್ನ ನಾನು ಕಲ್ತಿದ್ದು ತಪ್ಪು ಮಾಡಿ. ಶುರುಶುರುಲಿ ಟಿಟ್ಟಿಭ ಅನ್ನೋ ಹಕ್ಕಿ ಗೂಡು ಸಿಕ್ಕಿತ್ತು. ಗೂಡು ಅಂದ್ರೆ ಏನಿಲ್ಲ, ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಒಂದಷ್ಟು ಹರಳುಕಲ್ಲು, ಮಧ್ಯೆ ಆ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ, ಚೂಪು ತುದಿ ಎಲ್ಲ ಒಳಗಡೆಗೆ. ಹಕ್ಕಿ ನನ್ನ ತಲೆ ಮೇಲೇ ಕಿರುಚ್ತಾ ಎರಗ್ತಿತ್ತು, ಭಾರಿ ಆಕ್ಷನ್ ಅಂತ ಖುಷಿಲಿ ಅರ್ಧ ಗಂಟೆ ಬರ್ಸ್ಟ್ (ಒಂದರ ಹಿಂದೊಂದು ಪಟಪಟ ಫೋಟೋ) ಹೊಡ್ದೆ. ಮನೆಗೆ ಬಂದು ಕಂಪ್ಯೂಟರಲ್ಲಿ ನೋಡ್ತೀನಿ, ಐದಾರು ಫ್ರೇಮಲ್ಲಿ ಹಿಂದೆ ಬೇಲಿ ಗೂಟದ ಮೇಲೆ ಒಂದು ಕಾಗೆ ಕೂತಿದೆ, ಮುಖ ನನ್ನ ಕಡೆಗೇ. ಮಾರನೇ ದಿನ ಬೈನಾಕ್ಯುಲರಲ್ಲಿ ನೋಡಿದ್ರೆ ತಗ್ಗು ಖಾಲಿ. ತಿಂದಿದ್ದು ಆ ಕಾಗೆನೇ ಅಂತ ಸಾಬೀತು ಮಾಡಕ್ಕಾಗಲ್ಲ, ಆದ್ರೆ ಜಾಗ ತೋರ್ಸಿದ್ದು ನಾನೇ ಅನ್ನೋದ್ರಲ್ಲಿ ನನಗಂತೂ ಅನುಮಾನ ಇಲ್ಲ. ಟಿಟ್ಟಿಭ ಸುಡುಬಿಸಿಲಲ್ಲಿ ನೀರಿಗೆ ಹೋಗಿ ಹೊಟ್ಟೆ ಪುಕ್ಕ ನೆನೆಸ್ಕೊಂಡು ಬಂದು ಮೊಟ್ಟೆ ಮೇಲೆ ಕೂತು ತಂಪು ಮಾಡತ್ತೆ ಅಂತ ಆಮೇಲೆ ಗೊತ್ತಾಯ್ತು, ಆ ಅರ್ಧ ಗಂಟೆ ಅದಕ್ಕೆ ಕೂರೋಕೇ ಬಿಟ್ಟಿರ್ಲಿಲ್ಲ ನಾನು.

ಅಂದಹಾಗೆ ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಮರಿ ಬಿಟ್ಟು ಹೋಗತ್ತೆ ಅನ್ನೋದು ಸುಳ್ಳು. ಹಾಗಂತ ಮುಟ್ಟಕ್ಕೆ ಹೋಗ್ಬೇಡಿ. ಪಿಕಳಾರದ ಮರಿ ಎರಡು ವಾರದೊಳಗೇ ಗೂಡು ಬಿಡತ್ತೆ, ಪುಕ್ಕ ತುಂಬಿರೋ ಆ ಕೊನೆ ದಿನಗಳಲ್ಲಿ ಹತ್ರ ಹೋದ್ರೆ ಹೆದರಿ ಹಾರೋಕೆ ಬರದೇ ಇದ್ರೂ ನೆಲಕ್ಕೆ ಜಿಗಿದ್ಬಿಡತ್ವೆ, ಆಮೇಲೆ ನೀವು ವಾಪಸ್ ಇಟ್ರೂ ಮತ್ತೆ ಜಿಗೀತವೆ.

250 ಸಾಕು ಸರ್, ಗೂಡು ಫ್ರೇಮ್ ತುಂಬಾ ಬರ್ಬೇಕು ಅಂತೇನಿಲ್ಲ, ಗಿಡನೂ ಬರ್ಲಿ. ಪೊದೆ ಮರೇಲೋ ಕಾರ್ ಒಳಗೋ ಅಲ್ಲಾಡದೆ ಕೂತ್ಕೊಳ್ಳಿ. ಕಿಯರ್ಟನ್ ಅಂತ ಇಂಗ್ಲೆಂಡಿನ ಅಣ್ಣತಮ್ಮಂದಿರು, ನೂರು ವರ್ಷಕ್ಕೂ ಹಿಂದೆ, ಟೊಳ್ಳು ಮಾಡಿದ ಎತ್ತಿನ ಚರ್ಮದೊಳಗೆ ಕೂತು ಹಕ್ಕಿ ಫೋಟೋ ತೆಗೀತಿದ್ರು, ನಮ್ಗೆ ಕಾರ್ ಸೀಟಲ್ಲಿ ಅರ್ಧ ಗಂಟೆ ಕೂರೋಕೆ ಏನು ಕಷ್ಟ! ಹಕ್ಕಿ ಗೂಡಿಗೆ ಇಳಿಯೋ ಮುಂಚೆ ಹೆಚ್ಚಾಗಿ ಒಂದೇ ಕೊಂಬೆಲಿ ಕೂರತ್ತೆ, ಫೋಕಸ್ ಅಲ್ಲಿಡಿ, ಶಟರ್ ವೇಗ 1/1000 ಸೆಕೆಂಡ್ ಅಥವಾ ಇನ್ನೂ ಫಾಸ್ಟ್, ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಆಟೋ, ಸೈಲೆಂಟ್ ಶಟರ್ ಇದ್ರೆ ಹಾಕಿ, ಫ್ಲಾಶ್ ಬೇಡವೇ ಬೇಡ. ಬಾಯಿ ತೆರೆದ ಮರಿಗಳ ಫೋಟೋ ಎಲ್ಲರ ಹತ್ರನೂ ಇದೆ. ಉಣಿಸಿದ ಮೇಲೆ ಒಂದು ಕ್ಷಣ ಕಾದು ನೋಡಿ, ಮರಿ ಹಿಂದಕ್ಕೆ ತಿರುಗಿ ಬಿಳಿ ಗುಳಿಗೆ ತರ ಹಿಕ್ಕೆ ಹಾಕತ್ತೆ, ಅಮ್ಮನೋ ಅಪ್ಪನೋ ಅದನ್ನ ಕೊಕ್ಕಲ್ಲಿ ಹಿಡ್ಕೊಂಡು ದೂರ ಎಸೆಯೋಕೆ ಹಾರತ್ತೆ, ಅದು ನನ್ನ ಪ್ರಕಾರ ಒಳ್ಳೆ ಶಾಟ್.

ಫೋಟೋ ಹಾಕೋದು ಮರಿಗಳು ಹಾರಿಹೋದ್ಮೇಲೆ ಇಟ್ಕೊಳ್ಳಿ, ಮೊಬೈಲಲ್ಲಿ ತೆಗೆದಿದ್ರೆ ಲೊಕೇಶನ್ ತೆಗೆದು ಹಾಕಿ, ಇಲ್ಲಾಂದ್ರೆ ಮುಂದಿನ ಭಾನುವಾರ ಅದೇ ಗಿಡದ ಕೆಳಗೆ ಹತ್ತು ಟ್ರೈಪಾಡ್ ನಿಂತಿರತ್ತೆ.