ಮೇಜಿನ ಮೇಲೆಯೇ ಬೆಟ್ಟ ಹತ್ತುವ ಗಡಿಯಾರ

ಪ್ರಶ್ನೆ: ಚಾರಣಕ್ಕೆಂದು ಎತ್ತರಮಾಪಕ, ದಿಕ್ಸೂಚಿಗಳಿರುವ ಕೈಗಡಿಯಾರ ಕೊಂಡಿದ್ದೇನೆ. ಮಂಗಳೂರಿನ ಮನೆಯಲ್ಲಿ ರಾತ್ರಿ ಮೇಜಿನ ಮೇಲಿಟ್ಟರೆ ನಸುಕಿಗೆ ಸುಮಾರು 15 ಮೀಟರ್ ಹೆಚ್ಚು ಎತ್ತರ ತೋರಿಸುತ್ತದೆ. ಇದು ದೋಷವೇ?

ಉತ್ತರ: ಅಲ್ಲ. ಅದು ಅಳೆಯುವುದು ಗಾಳಿಯ ಒತ್ತಡವನ್ನು. ಸಮುದ್ರಮಟ್ಟದ ಸಮೀಪ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿದರೆ ನೀವು ಸುಮಾರು 8 ಮೀಟರ್ ಮೇಲೇರಿದಿರೆಂದು ಅದು ಲೆಕ್ಕ ಹಾಕುತ್ತದೆ. ನಮ್ಮ ಉಷ್ಣವಲಯದಲ್ಲಿ ಹವೆ ಶುಭ್ರವಾಗಿದ್ದರೂ ಒತ್ತಡವು ಹತ್ತು ಗಂಟೆಯ ಆಸುಪಾಸಿನಲ್ಲಿ ಏರಿ ನಾಲ್ಕರ ಹೊತ್ತಿಗೆ ಇಳಿಯುತ್ತದೆ, ಅದೂ ದಿನಕ್ಕೆರಡು ಬಾರಿ. ಆದ್ದರಿಂದ ಹೊರಡುವ ಮುನ್ನ ಎತ್ತರ ಖಚಿತವಾಗಿ ತಿಳಿದಿರುವ ಜಾಗದಲ್ಲಿ ಅದನ್ನು ಸರಿಹೊಂದಿಸಿಕೊಳ್ಳಿ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದಿರುವ ಎತ್ತರ ಬರೆದಿರುತ್ತದೆ, ಅದೇ ಸಾಕು. ದಿಕ್ಸೂಚಿಯನ್ನು ನೋಡುವಾಗ ಮಾತ್ರ ಮೊಬೈಲ್, ವಾಹನಗಳಿಂದ ದೂರ ನಿಲ್ಲಿರಿ.