ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ನಾಲ್ಕು ಇಂಚು ಎತ್ತರಿಸಬಹುದಾ?

ನೀವು ಕೇಳಿದ್ದು ಇಷ್ಟು: ಗಾಡಿಗೆ ಇಪ್ಪತ್ತೈದು ವರ್ಷ ದಾಟಿದೆ, ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಕಲ್ಲುದಾರಿಯಲ್ಲಿ ಅಡಿ ತಾಗುತ್ತಿದೆ. ನಾಲ್ಕು ಇಂಚು ಎತ್ತರಿಸಬೇಕು. ಉದ್ದದ ಶ್ಯಾಕಲ್ (ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿದರೆ ಸಾಕಾ, ಪೂರ್ತಿ ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಬಿಡಿಭಾಗಗಳ ಸೆಟ್) ಬೇಕಾ, ಎರಡು ದಿನದಲ್ಲಿ ನಾವೇ ಮಾಡಿ ಮುಗಿಸಬಹುದಾ?

ನನ್ನ ಸಲಹೆ: ನಾಲ್ಕು ಬೇಡ, ಎರಡೇ ಸಾಕು. ಅದಕ್ಕೂ ಮೊದಲು ಟೇಪ್ ಹಿಡಿದು ಗಾಡಿಯನ್ನು ಅಳೆಯಿರಿ.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರ್ ಗಾಳಿ ಸರಿ ಮಾಡಿ. ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಷ್ಟಿದೆ ಅಂತ ನಾಲ್ಕೂ ಕಡೆ ಬರೆದುಕೊಳ್ಳಿ. ಇದನ್ನು ಕಂಪನಿ ಮ್ಯಾನ್ಯುಯಲ್‌ನ ಅಳತೆ ಜೊತೆ ಹೋಲಿಸಿ. ಇಷ್ಟು ವಯಸ್ಸಾದ ಸ್ಪ್ರಿಂಗ್ ಪಟ್ಟಿಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿರುತ್ತವೆ. ಒಂದು ಇಂಚಿನಷ್ಟು ಎತ್ತರ ಆಗಲೇ ಹೋಗಿದ್ದರೆ ಆಶ್ಚರ್ಯವಿಲ್ಲ. ಡ್ರೈವರ್ ಕೂರುವ ಕಡೆ, ಡೀಸೆಲ್ ಟ್ಯಾಂಕ್ ಇರುವ ಕಡೆ ಇನ್ನೂ ಸ್ವಲ್ಪ ಜಾಸ್ತಿ ಕುಸಿದಿರುತ್ತದೆ. ಕಿಟ್‌ನವರು ಹೇಳುವ ಎರಡು ಇಂಚು ಹೊಸ ಗಾಡಿಯ ಎತ್ತರದ ಮೇಲಿನ ಲೆಕ್ಕ. ಹಾಗಾಗಿ ಕುಸಿದ ಗಾಡಿಗೆ ಅದೇ ಕಿಟ್ ಮೂರು ಇಂಚಿನಷ್ಟು ವ್ಯತ್ಯಾಸ ಕೊಡಬಹುದು.

ಎರಡನೆಯದು, ತಾಗುತ್ತಿರುವುದು ಯಾವ ಭಾಗ? ಕೆಳಗೆ ಮಲಗಿ ಗೀರುಗಳನ್ನು ಹುಡುಕಿ. ಚಾಸಿ, ಬಂಪರ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಅಡಿ ತಾಗುತ್ತಿದ್ದರೆ ಲಿಫ್ಟ್‌ನಿಂದ ಪ್ರಯೋಜನ ಇದೆ. ಆಕ್ಸಲ್‌ನಲ್ಲಿರುವ ಡಿಫರೆನ್ಶಿಯಲ್‌ನ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ) ಉಬ್ಬಿದ ಹೊಟ್ಟೆ ತಾಗುತ್ತಿದ್ದರೆ ಎಷ್ಟು ಇಂಚು ಲಿಫ್ಟ್ ಹಾಕಿದರೂ ಅದು ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್ ಎತ್ತುವುದು ಆಕ್ಸಲ್ ಮೇಲಿರುವುದನ್ನು ಮಾತ್ರ. ಆಕ್ಸಲ್ ಮೇಲೇಳಬೇಕಾದರೆ ದೊಡ್ಡ ಟೈರೇ ಬೇಕು, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟೇ ಸಿಗುತ್ತದೆ. 29 ಇಂಚಿನ ಜಾಗದಲ್ಲಿ 31 ಇಂಚಿನ ಟೈರ್ ಹಾಕಿದರೆ ಡಿಫರೆನ್ಶಿಯಲ್ ಒಂದು ಇಂಚು ಮೇಲೇಳುತ್ತದೆ. ಹೆಚ್ಚಿನ ಹಳೆಯ ಗಾಡಿಗಳಿಗೆ ಎರಡು ಇಂಚಿನ ಲಿಫ್ಟ್, ಈ ಟೈರ್ ಎರಡೂ ಸೇರಿದರೆ ಧಾರಾಳವಾಯಿತು.

ಇನ್ನು ಶ್ಯಾಕಲ್. ಅದನ್ನು ಎಷ್ಟು ಉದ್ದ ಮಾಡುತ್ತೀರೋ ಅದರ ಸುಮಾರು ಅರ್ಧ ಮಾತ್ರ ಎತ್ತರವಾಗಿ ಸಿಗುತ್ತದೆ, ಯಾಕೆಂದರೆ ಸ್ಪ್ರಿಂಗ್‌ನ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ. ನಾಲ್ಕು ಇಂಚು ಬೇಕೆಂದರೆ ಎಂಟು ಇಂಚು ಹೆಚ್ಚು ಉದ್ದದ ಶ್ಯಾಕಲ್! ಅದು ತಿರುವಿನಲ್ಲಿ ಅಡ್ಡಡ್ಡ ವಾಲಾಡುತ್ತದೆ, ಆಕ್ಸಲ್ ಕೂಡ ತಿರುಗಿ ಅದರ ಕೋನವೇ ಬದಲಾಗುತ್ತದೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಡುವುದು ಇನ್ನೊಂದು ದಾರಿ. ಹಿಂದಿನ ಆಕ್ಸಲ್‌ಗೆ ಸಣ್ಣ ಬ್ಲಾಕ್ ನಡೆಯುತ್ತದೆ, ಮುಂದಿನದಕ್ಕೆ ದಯವಿಟ್ಟು ಬೇಡ. ಬ್ರೇಕ್ ಒತ್ತಿದಾಗಿನ ತಿರುಚು, ಸ್ಟೇರಿಂಗ್ ಎಳೆತ ಎರಡೂ ಅದರ ಮೇಲೇ ಬೀಳುತ್ತವೆ. ಬಾಗು ಸರಿಯಿರುವ ಹೊಸ ಸ್ಪ್ರಿಂಗ್, ಹೊಸ ಬುಶ್ (ಸ್ಪ್ರಿಂಗ್ ತುದಿಯ ತೂತಿನೊಳಗಿನ ರಬ್ಬರ್ ಭಾಗ), ಅಳತೆಗೆ ತಕ್ಕ ಶಾಕ್ ಅಬ್ಸಾರ್ಬರ್, ಇದೇ ಸರಿಯಾದ ದಾರಿ.

ನಾಲ್ಕು ಇಂಚಿಗೆ ನಾನು ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಟ್ರಾನ್ಸ್‌ಫರ್ ಕೇಸ್‌ನಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ತಿರುಗುವ ದಂಡ. ಅದರ ತುದಿಗಳಲ್ಲಿ ಇರುವ, ಮಡಚುವ ಕೀಲಿನಂಥ ಯು-ಜಾಯಿಂಟ್ ಓರೆಯಾಗಿ ತಿರುಗುವಾಗ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಹೆಚ್ಚು ಕಡಿಮೆ ಆಗುತ್ತದೆ. ಎರಡೂ ತುದಿಯ ಕೋನ ಸಮ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ, ಇಲ್ಲದಿದ್ದರೆ ಅದುರಾಟ. ಎರಡು ಇಂಚು ಎತ್ತರಿಸಿದರೆ ಬಹಳಷ್ಟು ಗಾಡಿಗಳು ತಡೆದುಕೊಳ್ಳುತ್ತವೆ. ನಾಲ್ಕಕ್ಕೆ ಹೋದರೆ, ಅದರಲ್ಲೂ ಚಿಕ್ಕ ಗಾಡಿಯಲ್ಲಿ ಶಾಫ್ಟ್ ಗಿಡ್ಡ ಇರುವುದರಿಂದ, ಕೋನ ತೀರಾ ಕಡಿದಾಗುತ್ತದೆ. ಆಗ ಜೋಡಿ ಜಾಯಿಂಟ್‌ನ ಶಾಫ್ಟ್, ಆಕ್ಸಲ್ ತಿರುಗಿಸಲು ಬೆಣೆ, ಟ್ರಾನ್ಸ್‌ಫರ್ ಕೇಸ್ ಕೆಳಗಿಳಿಸುವುದು ಅಂತ ಒಂದರ ಹಿಂದೆ ಒಂದು ಶುರು. ಮುಂದಿನ ಆಕ್ಸಲ್‌ನಲ್ಲಿ ಶಾಫ್ಟ್ ಕೋನ ಸರಿ ಮಾಡಲು ಪಿನಿಯನ್ ಮೂತಿಯನ್ನು (ಶಾಫ್ಟ್ ಬಂದು ಸೇರುವ ಡಿಫರೆನ್ಶಿಯಲ್‌ನ ತುದಿ) ಮೇಲೆತ್ತಿದರೆ ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ರಸ್ತೆ ತುಂಬ ಅಲೆಯುತ್ತದೆ. ಬೆಣೆ ಹಾಕಲೇಬೇಕಾದರೆ ಉಕ್ಕಿನದು ಹಾಕಿ. ಅಲ್ಯೂಮಿನಿಯಂ ಬೆಣೆ ಜಜ್ಜಿ ಹೋಗಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ಶಾಫ್ಟ್‌ನ ಜಾರುವ ಭಾಗದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಲಿಫ್ಟ್ ಆದಮೇಲೆ ಚಕ್ರ ಪೂರ್ತಿ ಜೋತುಬಿದ್ದಾಗ ಆ ಗೆರೆ ಎಷ್ಟು ಹೊರಬಂದಿದೆ ನೋಡಿ. ಒಳಗೆ ಹಿಡಿತ ಎಷ್ಟು ಉಳಿದಿದೆ ಅಂತ ಅದರಿಂದ ಗೊತ್ತಾಗುತ್ತದೆ.

ಈಗ ನಿಜವಾದ ಶ್ರಮದ ವಿಷಯ. ಹಳೆಯ ಗಾಡಿಯಲ್ಲಿ ಸಮಯ ತಿನ್ನುವುದು ಹೊಸ ಸ್ಪ್ರಿಂಗ್ ಕೂರಿಸುವ ಕೆಲಸ ಅಲ್ಲ, ಹಳೆಯದನ್ನು ಬಿಚ್ಚುವುದು. ಸ್ಪ್ರಿಂಗ್ ಕಣ್ಣಿನ (ತುದಿಯ ತೂತಿನ) ಬುಶ್ ಒಳಗೆ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಬೋಲ್ಟ್ ಅದರೊಳಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತದೆ. ನಟ್ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಬೋಲ್ಟ್ ತಲೆಗೆ ಪಾನಾ ಹಾಕಿದರೆ ಸ್ವಲ್ಪ ತಿರುಗಿದಂತೆಯೂ ಆಗುತ್ತದೆ. ಬಿಟ್ಟ ತಕ್ಷಣ ವಾಪಸ್ ಬರುತ್ತದೆ! ತಿರುಗಿದ್ದು ಬೋಲ್ಟ್ ಅಲ್ಲ, ಸುತ್ತಲಿನ ರಬ್ಬರ್. ಅಂಥ ಕಡೆ ಸುತ್ತಿಗೆಯಿಂದ ಹೊಡೆದು ಉಪಯೋಗ ಇಲ್ಲ, ಗ್ರೈಂಡರ್‌ನಿಂದ ಎರಡೂ ಬದಿ ಕತ್ತರಿಸಲೇಬೇಕು. ಕಿಡಿ ಹಾರುವ ಕಡೆ ಡೀಸೆಲ್ ಪೈಪು, ಬ್ರೇಕ್ ಪೈಪು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೇ ಹೇಳುವುದು: ಬೋಲ್ಟ್, ಬುಶ್, ಶ್ಯಾಕಲ್ ಎಲ್ಲ ಹೊಸದು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ಒಂದು ವಾರ ಮೊದಲೇ ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಯು-ಬೋಲ್ಟ್ ಒಮ್ಮೆ ಬಿಗಿದರೆ ಹಿಗ್ಗಿರುತ್ತದೆ, ಹಳೆಯದನ್ನು ಮತ್ತೆ ಹಾಕಬೇಡಿ.

ಚಾಸಿಯನ್ನೂ ಈಗಲೇ ಪರೀಕ್ಷಿಸಿ. ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್‌ಗಳ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ದಬ್ ಅಂದು ತುಕ್ಕಿನ ಹಪ್ಪಳ ಉದುರಿದರೆ ಲಿಫ್ಟ್ ಮರೆತು ಮೊದಲು ಚಾಸಿ ರಿಪೇರಿ ಮಾಡಿಸಿ.

ನೀವೇ ಮಾಡುವುದಾದರೆ ಒಂದು ಸಲಕ್ಕೆ ಒಂದೇ ಆಕ್ಸಲ್. ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್, ಆಕ್ಸಲ್ ಕೆಳಗೆ ಜಾಕಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಕಟ್ಟೆ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಹ್ಯಾಂಡ್‌ಬ್ರೇಕ್ ನಂಬಿ ಕೂರಬೇಡಿ. ಹಳೆಯ ಲ್ಯಾಂಡ್ ರೋವರ್‌ನಂಥ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿನ ಶಾಫ್ಟನ್ನು. ಹಿಂದಿನ ಒಂದು ಚಕ್ರ ಎತ್ತಿದರೂ ಸಾಕು, ಗಾಡಿ ಉರುಳಬಹುದು.

ಹೊಸ ಸ್ಪ್ರಿಂಗ್ ಕೂರಿಸುವಾಗ ನಡುವಿನ ಪಿನ್ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಯು-ಬೋಲ್ಟ್‌ಗಳನ್ನು ಅಡ್ಡಡ್ಡಕ್ಕೆ ಸಮವಾಗಿ ಬಿಗಿಯಿರಿ. ರಬ್ಬರ್ ಬುಶ್‌ನ ಬೋಲ್ಟ್‌ಗಳನ್ನು ಮಾತ್ರ ಗಾಡಿ ನೆಲಕ್ಕಿಳಿದು ಪೂರ್ತಿ ಭಾರ ಬಿದ್ದ ಮೇಲೇ ಕೊನೆಯ ಬಿಗಿ ಮಾಡಿ. ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಬ್ರೇಕ್ ಹೋಸ್ ವಿಷಯದಲ್ಲಿ ರಾಜಿ ಬೇಡ. ಚಕ್ರ ಪೂರ್ತಿ ಜೋತುಬಿದ್ದು, ಸ್ಟೇರಿಂಗ್ ಕೊನೆವರೆಗೆ ತಿರುಗಿಸಿದಾಗಲೂ ಹೋಸ್ ಬಿಗಿಯಾಗಬಾರದು. ಈ ವಯಸ್ಸಿನ ರಬ್ಬರ್ ಹೋಸ್ ಹೇಗೂ ಬದಲಾಯಿಸಬೇಕು, ಉದ್ದದ್ದನ್ನೇ ಹಾಕಿಬಿಡಿ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿಯಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ, ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಹೆಚ್ಚು ಕಡಿಮೆ ಮಾಡುತ್ತದೆ. ಗಾಡಿ ಎತ್ತರವಾದರೆ ಅದಕ್ಕೆ ಗಾಡಿ ಖಾಲಿ ಅಂತ ಅನಿಸುತ್ತದೆ, ಹಿಂದಿನ ಬ್ರೇಕ್ ಕಡಿಮೆ ಮಾಡಿಬಿಡುತ್ತದೆ. ಆ ಕಡ್ಡಿಯ ಬ್ರಾಕೆಟನ್ನೂ ಅಷ್ಟೇ ಎತ್ತರಿಸಬೇಕು. ಆಕ್ಸಲ್‌ನ ಗಾಳಿ ಕೊಳವೆ, ಬಂಪ್ ಸ್ಟಾಪ್ (ಆಕ್ಸಲ್ ತೀರಾ ಮೇಲೆ ಬಂದಾಗ ತಡೆಯುವ ರಬ್ಬರ್) ಇವನ್ನೂ ನೋಡಿಕೊಳ್ಳಿ.

ಎರಡು ದಿನ ಸಾಲುವುದಿಲ್ಲ, ಒಂದು ವಾರ ಗಾಡಿ ಓಡಿಸದೆ ಇರಲು ತಯಾರಾಗಿ. ನಿಮ್ಮಲ್ಲಿ ಎಷ್ಟು ಎತ್ತರಿಸಲು ಕಾನೂನಿನ ಅನುಮತಿ ಇದೆ, ವಿಮೆಯವರು ಏನನ್ನುತ್ತಾರೆ ಅಂತ ಕಿಟ್ ಕೊಳ್ಳುವ ಮೊದಲೇ ಕೇಳಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ, ಸುಮಾರು 100 ಕಿ.ಮೀ. ಓಡಿಸಿ ಯು-ಬೋಲ್ಟ್ ಮತ್ತೆ ಬಿಗಿಯಿರಿ. 31 ಇಂಚಿನ ಟೈರ್ ಹಾಕಿದರೆ ಮೀಟರ್ 60 ತೋರಿಸುವಾಗ ನೀವು ಹೋಗುತ್ತಿರುವುದು ಸುಮಾರು 64ರಲ್ಲಿ. ತಿರುವುಗಳಲ್ಲಿ, ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಮೊದಲಿನ ಅಂದಾಜು ಬೇಡ, ಗಾಡಿ ಈಗ ಬೇಗ ವಾಲುತ್ತದೆ. ಟೇಪ್ ಅಳತೆ ಮತ್ತು ಅಡಿಯ ಒಂದೆರಡು ಫೋಟೋ ಹಾಕಿ, ಯಾವ ಸ್ಪ್ರಿಂಗ್ ಸರಿಹೋಗುತ್ತದೆ ಅಂತ ಹೇಳುತ್ತೇನೆ.